ಐವರಿಯೋ ಕ್ರೀಮೋ

ಪೀಳಮೇಡು
೬-೧-೧೯೮೬

ಮಗಳು ಭಾಮಾಳಿಗೆ ಅಮ್ಮನ ಆಶೀರ್ವಾದಗಳು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀನಿರುವ ತುಡಿಯಲೂರು ಏನು ದೂರ, ಎರಡು ಬಸ್ಸು. ಆದರೂ ನಿನ್ನ ಮದುವೆಯಾದ ಮೇಲೆ ಬರಲು ಧೈರ್ಯ ಸಾಲಲಿಲ್ಲ. ಎಲ್ಲ ಅಪ್ಪನ ಕೋಪದ ಮೇಲೆ ಹಾಕಿ ಸುಮ್ಮನಿದ್ದೆ. ತಪ್ಪು ನನ್ನದೂ ಹೌದು.

ನಿನ್ನ ಗಂಡ ಹೇಳಿರಬಹುದು, ನಾನೂ ಹೇಳುತ್ತೇನೆ ಕೇಳು. ಪೊಂಗಲ್ ಹಬ್ಬಕ್ಕೆ ನಡುಮನೆಯ ಗೋಡೆಗೆ ಡಿಸ್ಟೆಂಪರ್ ಬಣ್ಣ ಹೊಡೆಸೋಣವೆಂದು ಅಪ್ಪ ಸುಬ್ಬಯ್ಯನ್ ಮೇಸ್ತ್ರಿಗೆ ಹೇಳಿ ಬಂದರು. ಬುಧವಾರ ಬಾಗಿಲು ತೆಗೆದರೆ ಬಕೆಟ್ಟು, ಬ್ರಷ್ಷು ಹಿಡಿದು ನಿಂತವರು ನಿನ್ನ ಗಂಡ ವೆಲ್ಲಿಂಗಿರಿ! ಮದುವೆಯಾಗಿ ಬಂದ ದಿನ ಅಪ್ಪ ನಿಮ್ಮ ಮುಖವನ್ನೂ ನೋಡದೆ ಬಾಗಿಲು ಹಾಕಿದ್ದರಲ್ಲ, ಅವರಿಗೆ ಗುರುತು ಸಿಗಲಿಲ್ಲ ಅಂದುಕೊಂಡೆ. ನಾನೂ ಬಾಯಿ ಬಿಡಲಿಲ್ಲ.

ಅಪ್ಪನಿಗೆ ಐವರಿ ಬೇಕು, ನನಗೆ ಕ್ರೀಮ್. ನಿಜ ಹೇಳಬೇಕೆಂದರೆ ಬಣ್ಣದ ಕಾರ್ಡಿನಲ್ಲಿ ಎರಡೂ ಒಂದೇ ಥರ ಕಂಡವು. ನಿನ್ನ ಗಂಡ ಗೋಡೆಯ ಮೇಲೆ ಎರಡನ್ನೂ ಮೊಳದಗಲ ಬಳಿದು, ಒಣಗಲಿ, ಬಿಸಿಲಲ್ಲೂ ಟ್ಯೂಬ್‌ಲೈಟಿನಲ್ಲೂ ನೋಡಿ ಅಂದರು. ಸಂಜೆ ದೀಪ ಹಾಕಿದಾಗ ಐವರಿ ಬೂದಿ ಬಳಿದಂತೆ ಸಪ್ಪಗಾಯಿತು. ಅಪ್ಪ ಆಗಲೂ ಒಪ್ಪಲಿಲ್ಲ.

ಮರುದಿನ ಪೇಪರು ಮಡಚಿಟ್ಟು ಅವರೇ ಕೇಳಿದರು: "ನಿಮ್ಮ ಮನೆಗೆ ಯಾವುದು ಹೊಡೆದಿದ್ದೀರಿ?"

"ಕ್ರೀಮ್, ಸಾರ್. ನಮ್ಮನೆಯವಳು ಆರಿಸಿದ್ದು."

ಅಪ್ಪ ಎದ್ದು ಕ್ರೀಮ್ ಬಳಿದ ಕಡೆ ಬೆರಳಾಡಿಸಿದರು. "ಹಾಗಾದರೆ ಅದೇ ಇರಲಿ" ಅಂದರು.

ಶುಕ್ರವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕಾಫಿ ಕೊಟ್ಟು, ಭಾಮಾ ಹೇಗಿದ್ದಾಳೆ ಎಂದು ಮೆಲ್ಲಗೆ ಕೇಳಿದೆ. ಅವರು ಲೋಟ ಕೆಳಗಿಟ್ಟರು. "ಐದು ತಿಂಗಳು, ಅತ್ತೆ. ನಿಮ್ಮ ಕೈಯ ನಿಂಬೆ ಉಪ್ಪಿನಕಾಯಿ ಬೇಕು ಅಂತಾಳೆ." ಮೂರು ದಿನ ಅಮ್ಮ ಅಮ್ಮ ಎನ್ನುತ್ತಿದ್ದವರು ಮೊದಲ ಸಲ ಅತ್ತೆ ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ ಕಣೇ.

ಗುರುವಾರ ಬರುತ್ತೇನೆ. ಅಪ್ಪನಿಗೆ ಹೇಳಿಯೇ ಬರುತ್ತೇನೆ, ಏನಾದರೂ ಆಗಲಿ. ಭಾರ ಎತ್ತಬೇಡ.

ನಿನ್ನ ಅಮ್ಮ
ರಂಗನಾಯಕಿ

ವಿ.ಸೂ.: ಪತ್ರ ಮಡಚುವಷ್ಟರಲ್ಲಿ ಮೇಸ್ತ್ರಿ ಗೋಡೆ ನೋಡಲು ಬಂದ. "ನಿಮ್ಮ ಯಜಮಾನರು ಮೂರು ಸಲ ಬಂದು ವೆಲ್ಲಿಂಗಿರಿಯನ್ನೇ ಕಳಿಸು ಅಂದರಮ್ಮ" ಅಂದ. ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. ಅವನು ಹೋದ ಮೇಲೆ ಹೇಳಿದರು: "ಹಬ್ಬಕ್ಕೆ ಇಬ್ಬರೂ ಬರಲಿ ಅಂತ ಬರಿ."