ಮೈಕಿನಲ್ಲಿ ಹೇಳದೆ ಉಳಿದದ್ದು

ಮಂಚೇನಹಳ್ಳಿ
ಆಗಸ್ಟ್ ೧೯೯೯

ರಹಮತ್ ಅಕ್ಕ,

ನಿಮ್ಮ ಕನಕಲಕ್ಷ್ಮಿ ಬರೆಯುತ್ತಿದ್ದೇನೆ. ‘ನಿಮ್ಮ’ ಎಂದು ಬರೆದುಕೊಳ್ಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಈ ಕಾಗದವನ್ನು ನಿಮ್ಮ ಮಗಳು ಶಹಜಾದಿಯ ಕೈಲಿ ಓದಿಸಬೇಡಿ. ಕನ್ನಡ ಓದಲು ನಿಮಗೆ ಹೊತ್ತು ಹಿಡಿಯುತ್ತದೆಂದು ಗೊತ್ತು. ಹಿಡಿದರೆ ಹಿಡಿಯಲಿ, ನೀವೇ ಓದಿಕೊಳ್ಳಿ.

ಮೊನ್ನೆ ಚಿಕ್ಕಬಳ್ಳಾಪುರದ ಸಭೆಯಲ್ಲಿ ನಾನು ನಿಮ್ಮ ವಿಷಯ ಮಾತಾಡಿದಾಗ ಜನ ಚಪ್ಪಾಳೆ ತಟ್ಟಿದರು. ಆಡಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಉಳಿದದ್ದನ್ನು ನಿಮಗೊಬ್ಬರಿಗೇ ಹೇಳಬೇಕು.

ಎಂಬತ್ತೇಳರಲ್ಲಿ ನಿಮ್ಮ ಯಜಮಾನರು ಬಷೀರಣ್ಣ, ನಮ್ಮ ಯಜಮಾನರು ಇಬ್ಬರೂ ಒಂದೇ ದಳದಲ್ಲಿ ಶ್ರೀಲಂಕಾಕ್ಕೆ ಹೊರಟಾಗ ಅದನ್ನು ಯಾರೂ ಯುದ್ಧ ಅನ್ನಲಿಲ್ಲ. “ಶಾಂತಿ ಕಾಯೋಕೆ ಹೋಗ್ತಿರೋದು ಕಣೇ, ಬೇಗ ಬಂದ್ಬಿಡ್ತೀನಿ” ಅಂದಿದ್ದರು ನಮ್ಮವರು. ದೀಪಾವಳಿಯ ಹೊತ್ತಿಗೆ ರೇಡಿಯೋ ತುಂಬ ಜಾಫ್ನಾದ ಕಾಳಗದ್ದೇ ಸುದ್ದಿ. ನಾನು ತುಂಬಿದ ಬಸುರಿ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ನೀವೇ ನನ್ನನ್ನು ಶಿಡ್ಲಘಟ್ಟದ ಆ ರೇಷ್ಮೆ ಕಾರ್ಖಾನೆಗೆ ಕರೆದುಕೊಂಡು ಹೋದಿರಿ. ನಮ್ಮತ್ತೆ ಅಕ್ಕಯ್ಯಮ್ಮನವರನ್ನು ಒಪ್ಪಿಸಿದವರೂ ನೀವೇ.

ಬೆಂದ ಗೂಡಿನ ವಾಸನೆಗೆ ನನಗೆ ಹೊಟ್ಟೆ ತೊಳಸುತ್ತಿತ್ತು. ನೀವು ಬಿಸಿನೀರಿನ ಬಾಣಲೆ ನಿಮ್ಮ ಕಡೆ ಎಳೆದುಕೊಂಡು ರಾಟೆ ತಿರುಗಿಸುವ ಕೆಲಸ ನನಗೆ ಬಿಟ್ಟಿರಿ. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ನಿಮ್ಮ ಬೆರಳ ತುದಿಗಳೆಲ್ಲ ಬೆಳ್ಳಗೆ ಬಿರಿದಿದ್ದವು. ಊಟದ ಹೊತ್ತಿಗೆ ರೊಟ್ಟಿ ಮುರಿಯಲೂ ಕಷ್ಟಪಡುತ್ತಿದ್ದಿರಿ. ಅಷ್ಟಾದರೂ ಸೀಮೆಎಣ್ಣೆಯ ಸಾಲಿನಲ್ಲಿ ನನ್ನ ಡಬ್ಬವನ್ನೂ ಹಿಡಿದು ನಿಲ್ಲುತ್ತಿದ್ದವರು ನೀವು. ಸುದ್ದಿ ಬರುವ ಹೊತ್ತಿಗೆ ಮಾಲೀಕರು ಇಸ್ಮಾಯಿಲ್ ಸಾಹೇಬರು ರೇಡಿಯೋ ಜೋರು ಮಾಡುತ್ತಿದ್ದರು. ಸತ್ತವರ ಸಂಖ್ಯೆ ಹೇಳುತ್ತಿದ್ದರೇ ಹೊರತು ಹೆಸರು ಹೇಳುತ್ತಿರಲಿಲ್ಲ.

ಆ ದಿನ ಅಂಚೆಯವರು ಕಾರ್ಖಾನೆಯ ಬಾಗಿಲಲ್ಲಿ ನಿಂತು, “ಮಿಲಿಟರಿಯೋರ ಮನೆಯೋರು ಇಲ್ಲೇ ಇದಾರಂತಲ್ಲ, ಯಾರಮ್ಮಾ?” ಅಂದರು. ಕೈಯಲ್ಲಿ ತಂತಿ. ನಾವಿಬ್ಬರೂ ಎದ್ದೆವು. ತಂತಿ ಇಂಗ್ಲಿಷಿನಲ್ಲಿತ್ತು, ಇಸ್ಮಾಯಿಲ್ ಸಾಹೇಬರು ತೆಗೆದುಕೊಂಡು ಓದಿದರು. ಓದಿ ಒಮ್ಮೆ ನನ್ನನ್ನು, ಒಮ್ಮೆ ನಿಮ್ಮನ್ನು ನೋಡಿದರು.

ಅಕ್ಕ, ಆಗ ನಾನು ದೇವರನ್ನು ಬೇಡಿಕೊಂಡೆ. ಇಬ್ಬರೂ ಉಳಿಯಲಿ ಎಂದು ಬೇಡಲಿಲ್ಲ. ಆ ತಂತಿ ಅವಳದಾಗಲಿ, ನನ್ನದು ಬೇಡ ಎಂದು ಬೇಡಿದೆ. ನನಗಾಗಿ ಕೈ ಬೇಯಿಸಿಕೊಂಡ ನಿಮ್ಮನ್ನು ಎದುರಿಗೇ ನಿಲ್ಲಿಸಿಕೊಂಡು ಬೇಡಿದೆ. ಸಾಹೇಬರು “ಬಷೀರ್...” ಅಂದಾಗ ನನ್ನ ಎದೆಯೊಳಗೆ ಆದದ್ದು ಸಂತೋಷವೇ. ಅದಕ್ಕೆ ಬೇರೆ ಹೆಸರು ಹುಡುಕಿ ಸೋತಿದ್ದೇನೆ. ನಾನು ಕುಸಿದೆ. ನೀವು ಬಾಣಲೆ ದಾಟಿ ಬಂದು ನನ್ನನ್ನು ಹಿಡಿದುಕೊಂಡಿರಿ. “ಕೂತ್ಕೊ ಕನಕಾ, ನಿಮ್ಮೋರಲ್ಲ ಕಣೇ. ಹೆದರ್ಬೇಡ, ಮಗೂಗೆ ಆಗಲ್ಲ” ಅಂದಿರಿ. ನನಗೆ ನೀರು ಕುಡಿಸಿದಿರಿ. ಆಮೇಲೆ ಇಸ್ಮಾಯಿಲ್ ಸಾಹೇಬರತ್ತ ತಿರುಗಿ ತಂತಿ ಕೇಳಿ ತೆಗೆದುಕೊಂಡಿರಿ. ಅಳಲಿಲ್ಲ. ಅಳಲು ನಾನು ನಿಮಗೆ ಜಾಗ ಬಿಟ್ಟಿರಲಿಲ್ಲ.

ಬಷೀರಣ್ಣನ ದೇಹವೂ ಊರಿಗೆ ಬರಲಿಲ್ಲ. ಗಂಡನನ್ನು ಕಳೆದುಕೊಂಡವರು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿಗೆ ನೀವು ಕೂತಿರಿ. ಮುಂದಿನ ತಿಂಗಳು ನನಗೆ ಹೆಣ್ಣು ಮಗುವಾಯಿತು. ಹೊಸ್ತಿಲು ದಾಟುವ ಹಾಗಿಲ್ಲದ ನೀವು, ಹಳೆಯ ಸೀರೆಯ ಮೆತ್ತನೆಯ ಬಟ್ಟೆಯಲ್ಲಿ ಕುಲಾವಿ ಹೊಲಿದು ನಿಮ್ಮತ್ತೆಯ ಕೈಲಿ ಕಳಿಸಿದಿರಿ. ನಾನು ಎರಡು ಬೀದಿ ದಾಟಿ ಬರಲಿಲ್ಲ. “ಹಸುಗೂಸು ಎತ್ಕೊಂಡು ಸಾವಿನ ಮನೆಗೆ ಹೋಗ್ತಾರೇನೇ?” ಅಂದರು ಅತ್ತೆ. ಆ ಮಾತು ನನಗೆ ಬೇಕಾಗಿತ್ತು, ಗಟ್ಟಿಯಾಗಿ ಹಿಡಿದುಕೊಂಡೆ.

ನಮ್ಮವರು ರಜೆಗೆ ಬಂದಾಗ ಒಬ್ಬರೇ ನಿಮ್ಮ ಮನೆಗೆ ಬಂದರು. ನಾನು ಬಾಣಂತಿಯೆಂದು ಹೇಳಿಸಿದೆ. ಆ ಹೊತ್ತಿಗೆ ಮಗು ಮಗುಚಿಕೊಳ್ಳುತ್ತಿತ್ತು. ಹಿಂದಿರುಗಿ ಬಂದವರು, “ಕನಕಾಗೆ ಹಾಲು ಸಾಕಷ್ಟು ಇದೆಯಾ ಅಂತ ಕೇಳಿದ್ರು ಕಣೇ” ಅಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಮನೆಯಲ್ಲಿದ್ದಷ್ಟು ದಿನ ನಾನು ಹೂ ಮುಡಿದು ನಿಮ್ಮ ಬೀದಿಯಲ್ಲಿ ನಡೆಯಲಿಲ್ಲ. ಹೂ ತೆಗೆದಿಡುವ ಬದಲು ಬೀದಿ ಬದಲಿಸಿದೆ. ಅವರು ನಿವೃತ್ತರಾದ ಮೇಲೆ ಮಂಚೇನಹಳ್ಳಿಯಲ್ಲಿ ಮನೆ ಮಾಡೋಣವೆಂದು ಹಟ ಹಿಡಿದವಳೂ ನಾನೇ. ನಿಮ್ಮ ಕಣ್ಣಿಗೆ ಬೀಳದ ಊರು ಬೇಕಿತ್ತು.

ಈಗ ಕಾರ್ಗಿಲ್ ಆಯಿತು. ಬೀದಿ ಬೀದಿಯಲ್ಲಿ ಸೈನಿಕರಿಗೆ ಜೈಕಾರ. ಚಿಕ್ಕಬಳ್ಳಾಪುರದವರು ಹಳೆಯ ಸೈನಿಕರಿಗೂ ಶಾಲು ಹೊದಿಸುತ್ತೇವೆಂದು ಕರೆದರು. ವೇದಿಕೆಯ ಮೇಲಿಂದ ನೋಡುತ್ತೇನೆ, ಜವಾನರಿಗೆಂದು ಬಟ್ಟೆಬರೆ ಹೊತ್ತು ತಂದ ಶಿಡ್ಲಘಟ್ಟದ ಹೆಂಗಸರ ನಡುವೆ ನೀವು. ನಮ್ಮವರಿಗೆ ಶಾಲು ಹೊದಿಸಿದಾಗ ನೀವೂ ಚಪ್ಪಾಳೆ ತಟ್ಟಿದಿರಿ.

ಆಮೇಲೆ ಸಭೆಯವರು, “ಅಮ್ಮಾ, ಗಂಡ ಯುದ್ಧದಲ್ಲಿದ್ದಾಗ ಹೆಂಗೆ ಧೈರ್ಯ ತಂದ್ಕೊಂಡ್ರಿ, ಎರಡು ಮಾತಾಡಿ” ಎಂದು ಮೈಕು ಕೊಟ್ಟರು. “ಧೈರ್ಯ ನಂದಲ್ಲ. ಅಲ್ಲಿ ಹಿಂದೆ ನಿಂತಿದಾರಲ್ಲ, ರಹಮತುನ್ನೀಸಾ, ಅವರದು. ಅವರ ಯಜಮಾನರು ಬಷೀರ್ ಅಹಮದ್ ಶ್ರೀಲಂಕಾದಲ್ಲಿ ತೀರ್ಕೊಂಡ್ರು. ಅವರಿಗೆ ಯಾರೂ ಜೈ ಅನ್ನಲಿಲ್ಲ” ಅಂದೆ. ಜನವೆಲ್ಲ ನಿಮ್ಮತ್ತ ತಿರುಗಿತು. ನೀವು ಮುಖಕ್ಕೆ ಸೆರಗು ಎಳೆದುಕೊಂಡು ನೆಲದ ಮೇಲೆ ಕೂತುಬಿಟ್ಟಿರಿ. ನಿಮ್ಮ ಭುಜಗಳು ಅಲುಗುವುದನ್ನು ನಾನು ಅಷ್ಟು ದೂರದಿಂದಲೇ ಕಂಡೆ. ನೀವು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜನರನ್ನು ಸೀಳಿಕೊಂಡು ಇಳಿದು ಬರುವಷ್ಟರಲ್ಲಿ ನಿಮ್ಮ ಬಸ್ಸು ಹೊರಟಿತ್ತು. ಕಿಟಕಿಯಲ್ಲಿ ನಿಮ್ಮ ಕೈ ಕಂಡಿತು. ಬಾ ಅಂದಿರೋ, ಬೇಡ ಅಂದಿರೋ ತಿಳಿಯಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಮಗಳೂ ಬರುತ್ತಿದ್ದೇವೆ. ಕ್ಷಮಿಸಿ ಎಂದು ಕೇಳಲು ಬಾಯಿಲ್ಲ. ಇದನ್ನು ಓದಿದ ಮೇಲೆ ಬಾಗಿಲು ತೆಗೆಯಲು ಮನಸ್ಸಾಗದಿದ್ದರೆ ತೆಗೆಯಬೇಡಿ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತೇವೆ. ತೆಗೆದರೆ, ಬಷೀರಣ್ಣನ ಮಾತು ಆಡಿ. ಅಳು ಬಂದರೆ ಅತ್ತುಬಿಡಿ. ಈ ಸಲ ನನ್ನನ್ನು ಸಮಾಧಾನ ಮಾಡಬೇಡಿ ಅಕ್ಕ.

ಶಹಜಾದಿಯ ಓದು ಚೆನ್ನಾಗಿ ಸಾಗಲಿ. ನಿಮ್ಮ ದೇವರೂ ನನ್ನ ದೇವರೂ ನಿಮ್ಮನ್ನು ಕಾಯಲಿ.

ನಿಮ್ಮ ಮುಂದೆ ತಲೆ ಎತ್ತಲಾರದ,
ಕನಕಲಕ್ಷ್ಮಿ