ಬೋಳು ನೀರು

ಮುದ್ದು ಚಿನ್ನುವಿಗೆ ಸೋದರಮಾವನ ಆಶೀರ್ವಾದ.

ಉಪಗ್ರಹ ಮೇಲಿನಿಂದ ಕಂಡ ಸಮುದ್ರದ ಬಣ್ಣಕ್ಕೂ ನಾನು ಬಾಟಲಿಯಲ್ಲಿ ತಂದುಕೊಟ್ಟ ನೀರಿಗೂ ತಾಳೆಯಾಗುತ್ತಿಲ್ಲವಂತೆ. ನಿನ್ನ ಲೆಕ್ಕವೇ ತಪ್ಪೆಂದು ಸೋಮವಾರ ಮೇಲಧಿಕಾರಿಯ ಮುಂದೆ ಒಪ್ಪಿಕೊಳ್ಳುತ್ತೀಯಂತೆ. ಅಕ್ಕ ಫೋನಿನಲ್ಲಿ ಅತ್ತಳು. ಹಾಗೆ ಮಾಡಬೇಡ, ತಾಯಿ.

ಈ ದಂಡೆಯಲ್ಲಿ ನನ್ನಂತೆ ದೋಣಿ ನಡೆಸುವವನು ಇನ್ನೊಬ್ಬನಿಲ್ಲ, ಅದು ನಿನಗೂ ಗೊತ್ತು. ನೀನು ಗುರುತು ಹಾಕಿದ ಜಾಗಕ್ಕೆ, ಉಪಗ್ರಹ ಹಾದುಹೋಗುವ ಹೊತ್ತಿಗೇ ಹೋಗಿದ್ದೆ. ಅಲ್ಲಿನ ನೀರು ಗಾಜಿನಂತೆ ತಿಳಿಯಾಗಿತ್ತು. ನೀರಿನ ಹಸಿರನ್ನು ಅಳೆಯುವ ಹುಡುಗಿಗೆ ಇಂಥ ಬೋಳು ನೀರು ಕೊಟ್ಟರೆ ನನ್ನ ಮಾನ ಉಳಿಯುತ್ತದೆಯೇ? ವಾಪಸು ಬರುವಾಗ ಬಂದರಿನ ಮೂಲೆಯಲ್ಲಿ, ಪಾಚಿಗಟ್ಟಿದ ಕಡೆ ಬಾಟಲಿ ತುಂಬಿದೆ. "ಎಂಥಾ ಹಸಿರು ನೋಡಿ! ನಾನು ತಂದ ನೀರು ಅಂದ್ರೆ ಸುಮ್ನೇನಾ?" ಎಂದು ನಿನ್ನ ಆಫೀಸಿನವರೆದುರು ಮೀಸೆಯನ್ನೂ ತಿರುವಿದೆ.

ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಆ ಬಾಟಲಿ ಚೆಲ್ಲಿಬಿಡು, ಖಾಲಿಯದೊಂದು ಕಳಿಸು. ಈ ಸಲ ನೀರು ಎಷ್ಟೇ ಬೋಳಾಗಿ ಕಂಡರೂ ನೀನು ಗುರುತು ಹಾಕಿದಲ್ಲಿಂದಲೇ ತರುತ್ತೇನೆ. ತಪ್ಪು ದೋಣಿಯವನದೆಂದು ಮೇಲಧಿಕಾರಿಗೆ ಹೇಳು. ಯಾವ ದೋಣಿಯವನೆಂದು ಕೇಳಿದರೆ, ಮೀಸೆ ತಿರುವಿದವನು ಎನ್ನು. ಗುರುತು ಹಿಡಿಯುತ್ತಾರೆ.

ಎದುರಿಗೆ ಬಂದು ಹೇಳಲಾರದ,
ನಿನ್ನ ಮಾವ