ಭಾನುವಾರ ಅಮ್ಮನ ಹುಟ್ಟುಹಬ್ಬ

ಅಪ್ಪಾ,

ಪ್ಯಾರಿಸ್ ರೈಲಿಗೆ ಹೊತ್ತಾಯಿತು, ನಿನ್ನನ್ನು ಎಬ್ಬಿಸಲಿಲ್ಲ. ಸೋಮವಾರವೂ ರಜೆ, ಅವತ್ತು ಸಂಜೆ ಬರುತ್ತೇನೆ. ಬಟಾಣಿ ಸೂಪು ಫ್ರಿಜ್ಜಿನಲ್ಲಿದೆ, ತಣ್ಣಗೇ ಕುಡಿಯಬೇಡ.

ಟಾಯ್ಲೆಟ್ಟಿನ ಗೋಡೆಯ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಅಮ್ಮನ ಹೆಸರನ್ನು ಹೊಡೆದು ಹಾಕಿದ್ದೀಯ. ಪಕ್ಕದಲ್ಲೇ ಮತ್ತೆ ಬರೆದಿದ್ದೇನೆ, ಮುಟ್ಟಬೇಡ.

ಅಮ್ಮ ತೀರಿಹೋದಳು ಅಂತ ರೆನ್ಸ್ಕೆ ಚಿಕ್ಕಮ್ಮ ಭಾನುವಾರ ಬರದೆ ಇರಲ್ಲ. ಪ್ರತಿ ವರ್ಷದ ಹಾಗೆ ಕೈ ಕುಲುಕಿ, "ಭಾವ, ಅಕ್ಕನ ಹುಟ್ಟಿದಹಬ್ಬ, ನಿಮಗೆ ಶುಭಾಶಯ" ಅಂತಾಳೆ. ಸಿಡುಕಬೇಡ. ಕೇಕು ಕೊಟ್ಟು, ಅವಳಿಗೂ ಶುಭಾಶಯ ಹೇಳು. ಅವಳು ಅಮ್ಮನ ತಂಗಿಯಲ್ಲವೇ? ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ಮನೆಯವರಿಗೆಲ್ಲ ಶುಭಾಶಯ ಹೇಳುವುದು ನಮ್ಮ ಕಡೆಯ ರೂಢಿ, ಅದನ್ನು ಬಿಡಬೇಡ.

ಅಮ್ಮ ನಿಮ್ಮಿಬ್ಬರಿಗೆಂದು ಗೊತ್ತುಮಾಡಿದ್ದ ಪ್ರವಾಸ ಇದು. ನೀನು ಒಲ್ಲೆ ಅಂದೆ. ಅವಳು ನೋಡಬೇಕೆಂದಿದ್ದ ಸೇತುವೆಗಳನ್ನೆಲ್ಲ ನಾನೊಬ್ಬಳೇ ನೋಡಿ ಬರುತ್ತೇನೆ.

ಭಾನುವಾರ ಫೋನ್ ಮಾಡಿದಾಗ ಎತ್ತು. ಆ ಊರಿನಲ್ಲಿ ನನಗೆ ಶುಭಾಶಯ ಹೇಳುವವರು ಯಾರೂ ಇಲ್ಲ, ನೀನೇ ಹೇಳಬೇಕು.

ಇಮ್ಕೆ